ಹತ್ತೊಂಬತ್ತು ಸಾವಿನ ಹೊಣೆ ಯಾರದು?

ಮಂಗಳೂರಿನ ಕಂಕನಾಡಿಯಲ್ಲಿ ಬಸ್ಸಿನಿಂದ ಇಳಿದು ಮುಲ್ಲರ್ ಪಾದ್ರಿಗಳ ಆಸ್ಪತ್ರೆ ಎಲ್ಲಿ ಎಂದು ಕೇಳಿದರೆ ದಾರಿ ತೋರಿಸದವರಿಲ್ಲ. ಇಂದು ವೈದ್ಯಕೀಯ ಕಾಲೇಜೊಂದನ್ನು ಒಳಗೊಂಡು ಬೆಳೆದು ನಿಂತಿರುವ ಆ ಸಂಸ್ಥೆಯ ಮೂಲಪುರುಷರು ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಜೆಸ್ವಿತ್ ಪಾದ್ರಿಗಳು. ೧೮೮೦ರಲ್ಲಿ ಅವರು ಒಂದು ಚಿಕ್ಕ ಹೋಮಿಯೋಪತಿ ಔಷಧಾಲಯವನ್ನು ತೆರೆದರು; ೧೮೯೦ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಏರ್ಪಡಿಸಿದರು; ೧೯೦೨ರಲ್ಲಿ ಪ್ಲೇಗು ರೋಗಿಗಳಿಗೆಂದೇ ಬೇರೆ ಆಸ್ಪತ್ರೆಯನ್ನು ತೆರೆದರು. ಅವರ ಗುಳಿಗೆಗಳ ಗುಣದೋಷ ವಿಚಾರವು ಇಲ್ಲಿ ನಮಗೆ ಪ್ರಸ್ತುತವಲ್ಲ. ಜನರು ಹತ್ತಿರ ಸುಳಿಯಲು ಹೆದರುತ್ತಿದ್ದ ರೋಗಿಗಳನ್ನು ಪರದೇಶಿಯೊಬ್ಬರು ಒಳಗೆ ಕರೆದುಕೊಂಡರೆಂಬುದಷ್ಟೇ ಪ್ರಸ್ತುತ.

ಅದೇ ೧೯೦೨ನೆಯ ಇಸವಿಯಲ್ಲಿ, ಅದೇ ಪ್ಲೇಗಿನೊಡನೆ ಸೆಣಸುತ್ತಿದ್ದ ಇನ್ನೊಬ್ಬ ಪರದೇಶಿಯ ಬಾಳು ಮುಂಬಯಿಯಲ್ಲಿ ಮುರಿದುಬಿತ್ತು. ಆತ ಪ್ಲೇಗಿಗೆ ಲಸಿಕೆಯನ್ನು ಕಂಡುಹಿಡಿದ ವಿಜ್ಞಾನಿ. ಆತನ ಪ್ರಯೋಗಶಾಲೆಯಿಂದ ಹೋದ ಒಂದು ಸೀಸೆಯ ಮದ್ದನ್ನು ಚುಚ್ಚಿಸಿಕೊಂಡ ಹತ್ತೊಂಬತ್ತು ಮಂದಿ ಸತ್ತರು. ಅವರಲ್ಲಿ ಯಾರೂ ಪ್ಲೇಗಿನಿಂದ ಸಾಯಲಿಲ್ಲ. ಈ ಸಾವುಗಳ ಹೊಣೆ ಯಾರದು ಎಂಬ ಪ್ರಶ್ನೆ ಐದು ವರ್ಷಗಳ ಕಾಲ ಎರಡು ಖಂಡಗಳ ವಿದ್ವಾಂಸರನ್ನು ಕಾಡಿತು.

ನಾವು ವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು. ಆದರೂ ಈ ಪ್ರಶ್ನೆಗೆ ನಮ್ಮ ಪ್ರಯೋಗಶಾಲೆಯಲ್ಲಿ ದಿನವೂ ಏಳುವ ಪ್ರಶ್ನೆಯೊಂದರ ಹೋಲಿಕೆಯುಂಟು. ಲೋಲಕದ ಆಂದೋಲನದಿಂದ ಗುರುತ್ವದ ಬೆಲೆಯನ್ನು ಕಾಣಹೊರಟ ವಿದ್ಯಾರ್ಥಿಗೆ ತಪ್ಪು ಉತ್ತರ ಬಂದಾಗ, “ಉಪಕರಣ ಸರಿಯಿಲ್ಲ” ಎನ್ನುವುದು ಅವನ ಮೊದಲ ಮಾತು. “ನೀನು ಎಣಿಸಿದ್ದೇ ಸರಿಯಿಲ್ಲ” ಎನ್ನುವುದು ಜೊತೆಗಾರನ ಮಾತು. ಎರಡೂ ಆರೋಪಗಳೇ ಹೊರತು ಉತ್ತರಗಳಲ್ಲ. ದೋಷವು ಯಾವ ಹಂತದಲ್ಲಿ, ಯಾವ ಬಾಗಿಲಿನಿಂದ ಒಳಹೊಕ್ಕಿತು ಎಂದು ಹುಡುಕುವುದೇ ವಿಜ್ಞಾನದ ಕ್ರಮ. ಮನುಷ್ಯನ ಅಪರಾಧವನ್ನೂ ಈ ಕ್ರಮದಿಂದಲೇ ತೂಗಬಹುದೇ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪರದೇಶಿಯ ಪರಿಚಯ

ವಾಲ್ಡೆಮಾರ್ ಹಾಫ್ಕಿನ್ನರು ೧೮೬೦ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ, ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿದರು. ಅವರು ಕಲಿತದ್ದು ಪ್ರಾಣಿಶಾಸ್ತ್ರ. ಗುರುಗಳು ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗುವುದನ್ನು ತೋರಿಸಿಕೊಟ್ಟ ಮೆಚ್ನಿಕೋಫ್. ಮುಂದೆ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದಾಗ ಅವರಿಗೆ ದೊರೆತದ್ದು ಪುಸ್ತಕ ಭಂಡಾರದಲ್ಲಿ ಸಹಾಯಕನ ಕೆಲಸ. ಬಿಡುವಿನಲ್ಲಿ ಕಾಲರಾ ರೋಗಾಣುವನ್ನು ಕುರಿತು ದುಡಿದು ಲಸಿಕೆಯನ್ನು ಸಿದ್ಧಪಡಿಸಿದರು. ೧೮೯೨ರ ಜುಲೈ ೧೮ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಅದರೊಡನೆ ಭಾರತಕ್ಕೆ ಬಂದರು.

ಬ್ರಿಟಿಷ್ ಆಡಳಿತದ ಭಾರತದಲ್ಲಿ ಅವರು ಎಲ್ಲ ರೀತಿಯಿಂದಲೂ ಹೊರಗಿನವರಾಗಿದ್ದರು. ಅವರು ಆಂಗ್ಲರಲ್ಲ, ಕ್ರೈಸ್ತರಲ್ಲ, ವೈದ್ಯಪದವಿ ಪಡೆದವರೂ ಅಲ್ಲ. ಸರಕಾರದ ವೈದ್ಯಾಧಿಕಾರಿಗಳಲ್ಲಿ ಅನೇಕರಿಗೆ ವೈದ್ಯರಲ್ಲದ ಈ ರಷ್ಯನ್ನನು ತಮಗೆ ಪಾಠ ಹೇಳುವುದು ಸಹಿಸದಾಯಿತು. ಮುಂದಿನ ಕಥೆಯನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಎಂಬ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸರಕಾರವು ಹಾಫ್ಕಿನ್ನರನ್ನು ಕರೆಯಿಸಿ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದಿಷ್ಟು ಸ್ಥಳವನ್ನು ಕೊಟ್ಟಿತು. ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು, ಇದು ಅವರ ಪರಿವಾರ. ಪ್ಲೇಗಿನ ರೋಗಾಣುವನ್ನು ಯೆರ್ಸಿನರು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದು ಆಗ ಎರಡೇ ವರ್ಷವಾಗಿತ್ತು. ಇಲಿಯ ಮೈಮೇಲಿನ ಚಿಗಟವು ರೋಗವನ್ನು ಹರಡುತ್ತದೆಂಬುದನ್ನು ಸಿಮೋಂದರು ತೋರಿಸಿದ್ದು ೧೮೯೮ರಲ್ಲಿ. ಹಾಗಾಗಿ ಹಾಫ್ಕಿನ್ನರು ಕೆಲಸಕ್ಕೆ ತೊಡಗಿದಾಗ ರೋಗ ಹೇಗೆ ಹರಡುತ್ತದೆಂಬುದೇ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ತುಪ್ಪದ ಹನಿಯಿಂದ ತೂಗುವ ರೋಗಾಣು

ಲಸಿಕೆಯ ತತ್ತ್ವ ಸರಳವಾದುದು. ರೋಗಾಣುವನ್ನು ಕೊಂದು ಅದರ ಶವವನ್ನು ಮೈಯೊಳಗೆ ಹೊಗಿಸಿದರೆ ರೋಗ ಬರುವುದಿಲ್ಲ. ಆದರೆ ದೇಹವು ಶತ್ರುವಿನ ರೂಪವನ್ನು ಗುರುತಿಟ್ಟುಕೊಳ್ಳುತ್ತದೆ. ಅದನ್ನು ಎದುರಿಸುವ ಪ್ರತಿವಸ್ತುಗಳನ್ನು ರಕ್ತದಲ್ಲಿ ಸಿದ್ಧಮಾಡಿಕೊಳ್ಳುತ್ತದೆ. ಮುಂದೆ ಜೀವಂತ ಶತ್ರು ಬಂದಾಗ ಕಾದಾಟಕ್ಕೆ ವಿಳಂಬವಾಗುವುದಿಲ್ಲ.

ತತ್ತ್ವ ಸರಳವಾದರೂ ಲಕ್ಷಾಂತರ ಜನರಿಗೆ ಸಾಕಾಗುವಷ್ಟು ರೋಗಾಣುವನ್ನು ಬೆಳೆಸುವುದು ಸುಲಭವಲ್ಲ. ಇಲ್ಲಿ ಹಾಫ್ಕಿನ್ನರ ಉಪಾಯವನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲೇ ಹೇಳಬಹುದು. ಅಗಲವಾದ ಸೀಸೆಯಲ್ಲಿ ಮಾಂಸರಸವನ್ನು ತುಂಬಿ ಅದರ ಮೇಲೆ ತುಪ್ಪವನ್ನೋ ತೆಂಗಿನೆಣ್ಣೆಯನ್ನೋ ಕೆಲವು ಹನಿ ತೇಲಬಿಡುತ್ತಿದ್ದರು. ರೋಗಾಣುಗಳು ಆ ಹನಿಗಳಿಗೆ ಅಂಟಿ, ಗುಹೆಯ ಮಾಡಿನಿಂದ ಇಳಿಬೀಳುವ ಸುಣ್ಣದ ಕಂಬಗಳಂತೆ, ಕೆಳಮುಖವಾಗಿ ಎಳೆ ಎಳೆಯಾಗಿ ಬೆಳೆಯುತ್ತಿದ್ದವು. ಸೀಸೆಯನ್ನು ಕುಲುಕಿದರೆ ಎಳೆಗಳು ಉದುರಿ ತಳಸೇರುವುವು; ಮೇಲೆ ಹೊಸ ಬೆಳೆ ಮೂಡುವುದು. ಹೀಗೆ ಒಂದೇ ಸೀಸೆಯಿಂದ ಹಲವು ಕೊಯ್ಲು. ಕೊನೆಗೆ ಎಲ್ಲವನ್ನೂ ಸುಮಾರು ೬೫ರಿಂದ ೭೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಗಂಟೆ ಕಾಯಿಸಿ ರೋಗಾಣುಗಳನ್ನು ಕೊಂದು, ಬೇರೆ ಕ್ರಿಮಿಗಳು ಬೆಳೆಯದಂತೆ ನೂರಕ್ಕೆ ಅರ್ಧದಷ್ಟು ಕಾರ್ಬಾಲಿಕ್ ಆಮ್ಲವನ್ನು ಸೇರಿಸುತ್ತಿದ್ದರು. ಹಿಂದೂಗಳಿಗಾಗಲಿ ಮುಸಲ್ಮಾನರಿಗಾಗಲಿ ನೋವಾಗಬಾರದೆಂದು ದನ ಹಂದಿಗಳನ್ನು ಬಿಟ್ಟು ಆಡಿನ ಮಾಂಸದಿಂದ ರಸವನ್ನು ತಯಾರಿಸಿದ್ದರೆಂಬುದು ಅವರ ಮನೋಧರ್ಮವನ್ನು ತೋರಿಸುತ್ತದೆ.

೧೮೯೭ರ ಜನವರಿ ೧೦ರಂದು ಹಾಫ್ಕಿನ್ನರು ಈ ಲಸಿಕೆಯನ್ನು ಚುಚ್ಚಿಸಿಕೊಂಡರು. ಬೇರೆಯವರಿಗೆ ಕೊಡಬೇಕೆಂದಿದ್ದುದಕ್ಕಿಂತ ಹೆಚ್ಚಿನ ಪ್ರಮಾಣವನ್ನೇ ತೆಗೆದುಕೊಂಡರು. ಜ್ವರ ಬಂತು, ನೋವು ಬಂತು, ಇಳಿಯಿತು. ಈ ಮದ್ದು ಮನುಷ್ಯನನ್ನು ಕೊಲ್ಲುವುದಿಲ್ಲವೆಂಬುದಕ್ಕೆ ಅವರ ದೇಹವೇ ಮೊದಲ ಸಾಕ್ಷಿಯಾಯಿತು. ಆದರೆ ಮದ್ದು ಕೊಲ್ಲುವುದಿಲ್ಲವೆಂಬುದು ಒಂದು ಮಾತು, ಕಾಯುತ್ತದೆಂಬುದು ಇನ್ನೊಂದು. ಎರಡನೆಯದನ್ನು ತಿಳಿಯಲು ಒಬ್ಬನ ದೇಹ ಸಾಲದು.

ಸೆರೆಮನೆಯಿಂದ ಹುಬ್ಬಳ್ಳಿಯವರೆಗೆ

ಆ ತಿಂಗಳ ಕೊನೆಯಲ್ಲಿ ಮುಂಬಯಿಯ ಬೈಕುಲಾ ಸೆರೆಮನೆಗೆ ಪ್ಲೇಗು ಹೊಕ್ಕಿತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಲಸಿಕೆಗೆ ತಾವಾಗಿ ಮುಂದೆ ಬಂದರೆಂದು ದಾಖಲೆಯಾಗಿದೆ. ಮುಂದಿನ ದಿನಗಳಲ್ಲಿ ಲಸಿಕೆ ಪಡೆಯದವರಲ್ಲಿ ೧೨ ಮಂದಿಗೆ ರೋಗ ತಗಲಿ ೬ ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ಮಾತ್ರ ರೋಗ ತಗಲಿತು, ಯಾರೂ ಸಾಯಲಿಲ್ಲ.

ವಿಜ್ಞಾನದ ದೃಷ್ಟಿಯಿಂದ ಸೆರೆಮನೆಗೆ ಒಂದು ಅನುಕೂಲವುಂಟು. ಎಲ್ಲರಿಗೂ ಒಂದೇ ಅನ್ನ, ಒಂದೇ ನೀರು, ಒಂದೇ ಮಾಡು. ಎರಡು ಗುಂಪುಗಳ ನಡುವಣ ವ್ಯತ್ಯಾಸವೆಂದರೆ ಲಸಿಕೆಯೊಂದೇ. ಹೊರಗಿನ ಊರುಗಳಲ್ಲಿ ಹೀಗಲ್ಲ. ಪೋರ್ತುಗೀಸರ ಕೈಯಲ್ಲಿದ್ದ ದಮನದಲ್ಲಿ ೧೮೯೭ರಲ್ಲಿ ಲಸಿಕೆ ಪಡೆದವರೊಳಗೆ ನೂರಕ್ಕೆ ಇಬ್ಬರೂ ಸಾಯಲಿಲ್ಲ. ಪಡೆಯದವರೊಳಗೆ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಇದು ಲಸಿಕೆಯ ಮಹಿಮೆಯೇ? ಅಥವಾ ಲಸಿಕೆಗೆ ಬಂದವರು ಮೊದಲೇ ಅನುಕೂಲಸ್ಥರಾಗಿದ್ದು, ಗಾಳಿ ಬೆಳಕಿರುವ ಮನೆಗಳಲ್ಲಿ ಇಲಿಗಳಿಂದ ದೂರವಿದ್ದರೇ? ಬರಿಯ ಅಂಕೆಗಳಿಂದ ಇದನ್ನು ಹೇಳಲಾಗದು. ತಾವಾಗಿ ಆರಿಸಿಕೊಂಡ ಗುಂಪು ಮತ್ತು ಉಳಿದ ಗುಂಪು, ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಈ ಸಂದೇಹವನ್ನು ಕಳೆಯಲು ೧೮೯೮ರ ಫೆಬ್ರವರಿಯಲ್ಲಿ ಬರೋಡದ ಹತ್ತಿರದ ಉಂಧೇರ ಎಂಬ ಹಳ್ಳಿಯಲ್ಲಿ ಹಾಫ್ಕಿನ್ನರು ಒಂದು ಪ್ರಯೋಗವನ್ನು ನಡೆಸಿದರು. ಪ್ರತಿಯೊಂದು ಮನೆಯಲ್ಲಿಯೂ ಸುಮಾರು ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಇಲ್ಲ. ಒಂದೇ ಮನೆ, ಒಂದೇ ಇಲಿ, ಒಂದೇ ಚಿಗಟ. ಬಳಿಕ ಪ್ಲೇಗು ಹೊಕ್ಕ ಮನೆಗಳನ್ನು ಮಾತ್ರ ಆರಿಸಿ ಲೆಕ್ಕ ಹಾಕಲಾಯಿತು. ಆ ಮನೆಗಳಲ್ಲಿ ಲಸಿಕೆ ಪಡೆದವರು ೭೧ ಮಂದಿ. ಅವರಲ್ಲಿ ೮ ಮಂದಿಗೆ ರೋಗ, ೩ ಸಾವು. ಪಡೆಯದವರು ೬೪ ಮಂದಿ. ಅವರಲ್ಲಿ ೨೭ ಮಂದಿಗೆ ರೋಗ, ೨೬ ಸಾವು. ವಿದ್ಯಾರ್ಥಿಗಳು ಭಾಗಿಸಿ ನೋಡಲಿ: ಒಂದು ಕಡೆ ನೂರಕ್ಕೆ ನಾಲ್ಕು, ಇನ್ನೊಂದು ಕಡೆ ನೂರಕ್ಕೆ ನಲವತ್ತು. ವೈದ್ಯವಿಜ್ಞಾನದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಆ ಕಾಲಕ್ಕೆ ಅಪರೂಪವಾಗಿತ್ತು. ಈ ಅಂಕೆಗಳಿಗೆ ಕೊನೆಯಲ್ಲಿ ನಾವು ಮತ್ತೆ ಬರುತ್ತೇವೆ.

ಇದೇ ೧೮೯೮ರಲ್ಲಿ ಈ ಲಸಿಕೆ ಕನ್ನಡ ನಾಡಿಗೂ ಬಂತು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ ರೈಲ್ವೆಯ ದೊಡ್ಡ ಕೇಂದ್ರ. ರೈಲು ಬಂದಲ್ಲಿಗೆ ಪ್ಲೇಗೂ ಬಂದಿತ್ತು. ಲ್ಯೂಮನ್ ಎಂಬ ವೈದ್ಯಾಧಿಕಾರಿ ಅಲ್ಲಿ ಕೆಲವೇ ತಿಂಗಳುಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಚುಚ್ಚುಮದ್ದನ್ನು ಹಾಕಿದರು. ಒಂದೇ ಊರಿನಲ್ಲಿ ಅಷ್ಟು ದೊಡ್ಡ ಪ್ರಮಾಣದ ಕಾರ್ಯ ಅಲ್ಲಿಯವರೆಗೆ ಅಪೂರ್ವವಾಗಿತ್ತು. ಲಸಿಕೆಯ ಪರವಾಗಿ ವಾದಿಸುವವರೆಲ್ಲರೂ ಮುಂದೆ ಹುಬ್ಬಳ್ಳಿಯ ಹೆಸರನ್ನು ಹೇಳುವಂತಾಯಿತು. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ತಗಲಿತು; ಗಾಳಿ ಬೆಳಕಿನ ಅಗಲ ಬೀದಿಗಳಿರುವ ಮಲ್ಲೇಶ್ವರ ಬಸವನಗುಡಿಗಳು ಬೆಳೆದದ್ದು ಆ ಭಯದ ದಿನಗಳಲ್ಲಿಯೇ.

ಮುಲ್ಕೊವಾಲದ ಸೀಸೆ

೧೯೦೨ರಲ್ಲಿ ಪಂಜಾಬಿನಲ್ಲಿ ಪ್ಲೇಗು ಹೆಚ್ಚಿತು. ಅಲ್ಲಿಯ ಸರಕಾರವು ಲಕ್ಷಗಟ್ಟಲೆ ಜನಕ್ಕೆ ಲಸಿಕೆ ಹಾಕಲು ನಿಶ್ಚಯಿಸಿ, ಹಾಫ್ಕಿನ್ನರಿಂದ ಹಿಂದೆಂದೂ ತಯಾರಿಸಿರದಷ್ಟು ಮದ್ದನ್ನು ಬೇಡಿತು. ತಯಾರಿಕೆಯನ್ನು ಚುರುಕುಗೊಳಿಸಲು ಅವರು ವಿಧಾನವನ್ನು ಬದಲಿಸಿದರು. ಹೊಸ ವಿಧಾನದಲ್ಲಿ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು ಶಾಖವನ್ನೇ ನಂಬಿದರು.

ಅಕ್ಟೋಬರ್ ೩೦ರಂದು, ಈಗ ಪಾಕಿಸ್ತಾನಕ್ಕೆ ಸೇರಿರುವ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ೧೦೭ ಮಂದಿಗೆ ಚುಚ್ಚುಮದ್ದು ಹಾಕಲಾಯಿತು. ಐದು ಸೀಸೆಗಳು ಖರ್ಚಾದವು. ಸುಮಾರು ಒಂದು ವಾರ ಕಳೆದ ಬಳಿಕ ಅವರಲ್ಲಿ ೧೯ ಮಂದಿಗೆ ದವಡೆ ಕಚ್ಚಿಕೊಂಡಿತು. ಬೆನ್ನು ಬಿಲ್ಲಿನಂತೆ ಬಾಗಿತು. ಅದು ಧನುರ್ವಾಯು. ಹತ್ತೊಂಬತ್ತು ಮಂದಿಯೂ ಸತ್ತರು. ಅವರೆಲ್ಲರಿಗೂ ಮದ್ದು ಹೋಗಿದ್ದುದು ೫೩-ಎನ್ ಎಂದು ಗುರುತಿಸಿದ ಒಂದೇ ಸೀಸೆಯಿಂದ. ಉಳಿದ ನಾಲ್ಕು ಸೀಸೆಗಳ ಮದ್ದನ್ನು ಪಡೆದ ಯಾರಿಗೂ ಏನೂ ಆಗಲಿಲ್ಲ.

ಸರಕಾರ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಮುಂಬಯಿಯ ಮುಖ್ಯ ನ್ಯಾಯಾಧೀಶರು ಅದರ ಅಧ್ಯಕ್ಷರು. ಸೀಸೆಯು ಹಳ್ಳಿಯಲ್ಲಿ ತೆರೆಯುವುದಕ್ಕೆ ಮೊದಲೇ, ಎಂದರೆ ಮುಂಬಯಿಯಲ್ಲಿಯೇ ಕಲುಷಿತವಾಗಿರಬೇಕೆಂದೂ, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದು ದೊಡ್ಡ ತಪ್ಪೆಂದೂ ಅದು ಅಭಿಪ್ರಾಯಪಟ್ಟಿತು. ತಾವೇ ಕಟ್ಟಿದ ಪ್ರಯೋಗಶಾಲೆಯ ನಿರ್ದೇಶಕ ಪದವಿಯಿಂದ ಹಾಫ್ಕಿನ್ನರನ್ನು ಇಳಿಸಲಾಯಿತು. ೧೯೦೪ರಲ್ಲಿ ಅವರು ಭಾರತವನ್ನು ಬಿಟ್ಟುಹೋದರು.

ದೋಷ ಹೊಕ್ಕದ್ದೆಲ್ಲಿ?

ಈಗ ನಮ್ಮ ಪ್ರಯೋಗಶಾಲೆಯ ಕ್ರಮವನ್ನು ಅನ್ವಯಿಸೋಣ. ಮೊದಲು ಧನುರ್ವಾಯುವಿನ ರೋಗಾಣುವಿನ ಸ್ವಭಾವವನ್ನು ತಿಳಿಯಬೇಕು. ಅದರ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ, ಬೀದಿಯ ಧೂಳಿನಲ್ಲಿ ಇರುತ್ತವೆ. ಗಟ್ಟಿ ಕವಚವುಳ್ಳ ಬೀಜಗಳಂತೆ ಅವು ವರ್ಷಗಟ್ಟಲೆ ಕಾಯಬಲ್ಲವು. ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಒರಸಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ಬೆಂಕಿಯ ಉರಿಯೋ ಒತ್ತಡದ ಹಬೆಯೋ ಬೇಕು. ಗಾಳಿಯಿಲ್ಲದ ಎಡೆಯಲ್ಲಿ ಮೊಳೆತು ಬೆಳೆಯುತ್ತವೆ. ಬೆಳೆಯುವಾಗ ಅವು ಹೊರಬಿಡುವ ವಿಷವೇ ಮನುಷ್ಯನನ್ನು ಕೊಲ್ಲುವುದು. ಬೀಜಕವು ಮೈಯೊಳಗೆ ಹೊಕ್ಕು, ಮೊಳೆತು, ವಿಷವನ್ನು ಸಿದ್ಧಮಾಡಿ, ಲಕ್ಷಣಗಳು ಹೊರಬೀಳಲು ಸಾಮಾನ್ಯವಾಗಿ ಒಂದು ವಾರವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ.

ದೋಷಕ್ಕೆ ಎರಡು ಬಾಗಿಲುಗಳಿವೆ. ಒಂದನೆಯದು: ಮುಂಬಯಿಯಲ್ಲಿ ಸೀಸೆ ತುಂಬುವಾಗಲೇ ಬೀಜಕ ಸೇರಿತು. ಎರಡನೆಯದು: ಮುಲ್ಕೊವಾಲದಲ್ಲಿ ಬಿರಡೆ ತೆಗೆಯುವಾಗ ಸೇರಿತು. ಬಾಯಿಮಾತಿನಲ್ಲಿ ಎರಡೂ ಸಾಧ್ಯ. ಆದರೆ ಒಂದೊಂದು ಊಹೆಯೂ ಒಂದೊಂದು ಬಗೆಯ ಪರಿಣಾಮವನ್ನು ಮುಂದಾಗಿ ಹೇಳುತ್ತದೆ, ಪರೀಕ್ಷಿಸಬೇಕಾದದ್ದು ಅದನ್ನೇ.

ಸೀಸೆಯನ್ನು ತುಂಬಿದ್ದು ಸೆಪ್ಟೆಂಬರಿನಲ್ಲಿ. ತೆರೆಯುವ ಹೊತ್ತಿಗೆ ಸುಮಾರು ಆರು ವಾರಗಳಾಗಿದ್ದವು. ಒಂದನೆಯ ಊಹೆ ನಿಜವಾಗಿದ್ದರೆ, ಮುಚ್ಚಿದ ಸೀಸೆಯ ಪುಷ್ಟಿಕರ ದ್ರವದಲ್ಲಿ ಆರು ವಾರ ರೋಗಾಣು ಬೆಳೆದು ವಿಷ ತುಂಬಿರಬೇಕು. ಆಗ ಎರಡು ಸಂಗತಿಗಳು ಕಾಣಬೇಕಾಗಿತ್ತು. ಮೊದಲನೆಯದಾಗಿ ಸೀಸೆ ತೆರೆದೊಡನೆ ದುರ್ನಾತ ಬಡಿಯಬೇಕು. ಎರಡನೆಯದಾಗಿ, ಸಿದ್ಧವಿಷವೇ ಮೈಗೆ ಹೋದುದರಿಂದ ರೋಗವು ಬಹು ಬೇಗನೆ ಕಾಣಿಸಿಕೊಳ್ಳಬೇಕು. ನಡೆದದ್ದೇನು? ಚುಚ್ಚುವ ಮೊದಲು ಸೀಸೆಯನ್ನು ಮೂಸಿನೋಡಿದ ವೈದ್ಯರು ಯಾವ ಕೆಟ್ಟ ವಾಸನೆಯೂ ಇರಲಿಲ್ಲವೆಂದು ಸಾಕ್ಷ್ಯ ನುಡಿದರು. ರೋಗ ಕಾಣಿಸಿದ್ದು ಒಂದು ವಾರದ ಬಳಿಕ. ಎಂದರೆ ಮೈಯೊಳಗೆ ಹೋದದ್ದು ಆಗತಾನೆ ಸೇರಿದ ಬೀಜಕ, ಬಹುಕಾಲ ಬೆಳೆದ ವಿಷವಲ್ಲ.

ಇದರ ಜೊತೆಗೆ ಇನ್ನೊಂದು ಸಾಕ್ಷ್ಯವೂ ಇತ್ತು. ಆ ದಿನ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕುಳ ನೆಲಕ್ಕೆ ಬಿದ್ದಿತ್ತು. ಆತ ಅದನ್ನು ಉರಿಯಲ್ಲಿ ಕಾಯಿಸದೆ ಕಾರ್ಬಾಲಿಕ್ ದ್ರಾವಣದಿಂದ ಶುಚಿಮಾಡಿ, ೫೩-ಎನ್ ಸೀಸೆಯ ಬಿರಡೆಯನ್ನು ಅದರಿಂದಲೇ ತೆಗೆದಿದ್ದ. ದನಕರುಗಳು ತಿರುಗಾಡುವ ಹಳ್ಳಿಯ ನೆಲದ ಧೂಳಿನಲ್ಲಿ ಏನಿರುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದು ತಪ್ಪಲ್ಲವೇ? ಸೇತುವೆ ಕಟ್ಟುವ ಇಂಜಿನಿಯರು ಬೇಕಾದುದಕ್ಕಿಂತ ಹೆಚ್ಚು ಬಲವನ್ನು ಕಂಬಗಳಿಗೆ ಕೊಟ್ಟಿರುತ್ತಾನೆ. ಅದು ಅಭಯದ ಅಂಚು. ಅವಸರದಲ್ಲಿ ಅಂಥದೊಂದು ಅಂಚನ್ನು ತೆಗೆದುಹಾಕಿದ್ದು ಟೀಕೆಗೆ ಪಾತ್ರವಾದ ಕೆಲಸವೇ. ಆದರೆ ಬೀಜಕವು ಸೀಸೆ ತೆರೆದ ಗಳಿಗೆಯಲ್ಲಿ ಸೇರಿ ಕೂಡಲೇ ಮೈಗೆ ಹೋಗಿದ್ದರೆ, ಅಷ್ಟು ತೆಳುವಾದ ಆಮ್ಲವು ಅದನ್ನು ಕೊಲ್ಲುತ್ತಿರಲಿಲ್ಲ. ಆ ಅಂಚು ಇದ್ದಿದ್ದರೂ ಆ ಹತ್ತೊಂಬತ್ತು ಜನ ಉಳಿಯುತ್ತಿರಲಿಲ್ಲ.

ಈ ತರ್ಕವನ್ನು ಲೋಕದ ಮುಂದಿಟ್ಟವರಲ್ಲಿ ಪ್ರಮುಖರು ಮಲೇರಿಯಾ ಸೊಳ್ಳೆಯನ್ನು ಕಂಡುಹಿಡಿದ ರೊನಾಲ್ಡ್ ರಾಸ್. ೧೯೦೭ರ ಜುಲೈಯಲ್ಲಿ ಅವರೂ ಇತರ ಪ್ರಸಿದ್ಧ ಜೀವಾಣುತಜ್ಞರೂ ಸಹಿ ಮಾಡಿದ ಪತ್ರವು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವರ್ಷವೇ ಸರಕಾರವು ಹಾಫ್ಕಿನ್ನರನ್ನು ದೋಷಮುಕ್ತರನ್ನಾಗಿಸಿತು. ಆ ೧೯೦೭ರೊಂದರಲ್ಲೇ ಭಾರತದಲ್ಲಿ ಪ್ಲೇಗಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಬಲಿಯಾದರು. ತಪ್ಪು ಬಾಗಿಲನ್ನು ತೋರಿಸಿದುದರ ಫಲ ಒಬ್ಬ ವಿಜ್ಞಾನಿಗೆ ಮಾತ್ರ ತಟ್ಟಲಿಲ್ಲ. ಲಸಿಕೆಯ ಮೇಲೆ ಜನಕ್ಕಿದ್ದ ನಂಬಿಕೆಗೂ ತಟ್ಟಿತು.

ಹಾಫ್ಕಿನ್ನರು ಕಲ್ಕತ್ತೆಗೆ ಮರಳಿದರು. ಆದರೆ ಹಳೆಯ ಸ್ಥಾನ ದೊರೆಯಲಿಲ್ಲ. ದೊಡ್ಡ ಕೆಲಸ ಯಾವುದೂ ಮತ್ತೆ ಕೈಗೂಡಲಿಲ್ಲ. ನಿವೃತ್ತರಾಗಿ ಯೂರೋಪಿಗೆ ಹೋಗಿ, ೧೯೩೦ರಲ್ಲಿ ಲೊಸಾನ್ ನಗರದಲ್ಲಿ ತೀರಿಕೊಂಡರು. ಅವರು ಸ್ಥಾಪಿಸಿದ ಮುಂಬಯಿಯ ಪ್ರಯೋಗಶಾಲೆಗೆ ೧೯೨೫ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಪರೇಲಿನಲ್ಲಿ ಅದು ಇಂದಿಗೂ ಇದೆ.

ಯಾರೂ ಕೇಳದ ಪ್ರಶ್ನೆ

ಇಲ್ಲಿಗೆ ಕಥೆಯನ್ನು ಮುಗಿಸಿದ್ದರೆ ನಿರಪರಾಧಿಗೆ ನ್ಯಾಯ ದೊರೆತ ಸಮಾಧಾನ ನಮ್ಮದಾಗುತ್ತಿತ್ತು. ಆದರೆ ಲೆಕ್ಕ ಇನ್ನೂ ಮುಗಿದಿಲ್ಲ. ಉಂಧೇರದ ಅಂಕೆಗಳಿಗೆ ಮರಳಿ ಹೋಗೋಣ.

ಲಸಿಕೆ ಪಡೆಯದ ೬೪ ಮಂದಿಯಲ್ಲಿ ೨೬ ಮಂದಿ ಸತ್ತರು. ಅವರಿಗೂ ಲಸಿಕೆ ಕೊಟ್ಟಿದ್ದು, ಅವರೂ ಉಳಿದ ೭೧ ಮಂದಿಯ ಪ್ರಮಾಣದಲ್ಲಿಯೇ ಸತ್ತಿದ್ದರೆ, ಸಾಯುವವರು ಸುಮಾರು ಮೂವರು. ಉಳಿದ ಇಪ್ಪತ್ತಮೂರು ಮಂದಿ ಬದುಕಬಹುದಾಗಿತ್ತು. ಮುಲ್ಕೊವಾಲದಲ್ಲಿ ಸತ್ತವರು ಹತ್ತೊಂಬತ್ತು ಮಂದಿ. ಅದಕ್ಕಾಗಿ ಸಮಿತಿ, ಸಾಕ್ಷ್ಯ, ಪದಚ್ಯುತಿ, ಐದು ವರ್ಷಗಳ ವಾದ. ಉಂಧೇರದ ಇಪ್ಪತ್ತಮೂರು ಮಂದಿಗಾಗಿ ಯಾವ ಸಮಿತಿಯೂ ಕೂಡಲಿಲ್ಲ. ಆ ಸಾವುಗಳಿಗೆ ‘ಪ್ರಮಾಣ’ ಎಂದು ಹೆಸರಾಯಿತು.

ಇದಕ್ಕೆ ಉತ್ತರವುಂಟು, ಅದು ಹಗುರವಾದ ಉತ್ತರವೂ ಅಲ್ಲ. ಲಸಿಕೆಯು ಕಾಯುತ್ತದೆಂದು ನಿಶ್ಚಯವಾಗಿ ತಿಳಿದಿಲ್ಲದಾಗ, ಕೊಡುವುದು ಲೇಸೋ ಕೊಡದಿರುವುದು ಲೇಸೋ ಎಂಬುದೂ ತಿಳಿದಿರುವುದಿಲ್ಲ. ಅಂಥ ನಿಜವಾದ ಅಜ್ಞಾನದಲ್ಲಿ ಎರಡು ಪಾಲು ಮಾಡಿ ನೋಡುವುದು ಅನ್ಯಾಯವಲ್ಲ. ಯಾವ ಪಾಲು ಅದೃಷ್ಟದ ಪಾಲೆಂಬುದು ವಿಜ್ಞಾನಿಗೂ ಗೊತ್ತಿಲ್ಲ. ಹಾಗೆ ನೋಡದೆ ಎಲ್ಲರಿಗೂ ಕೊಡುತ್ತ ಹೋದರೆ, ನಿಷ್ಪ್ರಯೋಜಕವಾದ ಮದ್ದುಗಳೂ ಶತಮಾನಗಳ ಕಾಲ ನಡೆಯುವುವು. ಹುಬ್ಬಳ್ಳಿಯ ಸಾವಿರಾರು ಜನ ಬದುಕಿದ್ದರೆ ಅದರಲ್ಲಿ ಉಂಧೇರದ ಆ ಮನೆಗಳ ಋಣವೂ ಸೇರಿದೆ.

ಆದರೆ ಈ ಉತ್ತರಕ್ಕೆ ಮೂರು ಕಟ್ಟುಗಳಿವೆ. ಮೊದಲನೆಯದು, ಅಜ್ಞಾನವು ನಿಜವಾದುದಾಗಿರಬೇಕು. ಬೈಕುಲಾದಲ್ಲಿಯೂ ದಮನದಲ್ಲಿಯೂ ಫಲ ಕಂಡಮೇಲೆ ಸಂದೇಹವು ಎಷ್ಟು ಉಳಿದಿತ್ತು ಎಂದು ಕೇಳಬೇಕಾಗುತ್ತದೆ. ಎರಡನೆಯದು, ಪಾಲ್ಗೊಂಡವರ ಒಪ್ಪಿಗೆ. ಸೆರೆಮನೆಯ ಗೋಡೆಯೊಳಗೆ, ಪ್ಲೇಗು ಪಕ್ಕದಲ್ಲಿ ಮಲಗಿರುವಾಗ, ಅಧಿಕಾರಿಯ ಮುಂದೆ ಕೈದಿಯೊಬ್ಬ ‘ಆಗಲಿ’ ಎಂದರೆ ಅದು ಎಂಥ ಒಪ್ಪಿಗೆ? ಹೊರಗೂ ಲಸಿಕೆಯ ಚೀಟಿ ಇದ್ದವರಿಗೆ ಪ್ಲೇಗಿನ ಕಾನೂನಿನ ಕೆಲವು ನಿರ್ಬಂಧಗಳಿಂದ ವಿನಾಯಿತಿ ಸಿಗುತ್ತಿತ್ತು. ಮನೆ ಬಿಟ್ಟು ಗುಡಿಸಲಿಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ತೋಳು ಚಾಚಿದವನನ್ನು ತಾನಾಗಿ ಬಂದವನೆನ್ನಬಹುದೇ? ಮೂರನೆಯದು, ಉತ್ತರ ತಿಳಿದೊಡನೆ ಉಳಿದ ಪಾಲಿಗೂ ಮದ್ದನ್ನು ತಲಪಿಸುವ ಹೊಣೆ.

ಹಾಫ್ಕಿನ್ನರನ್ನು ಈ ಕಟ್ಟುಗಳಿಂದ ಅಳೆದು ದೂರುವುದು ನಮ್ಮ ಉದ್ದೇಶವಲ್ಲ. ಆ ಕಾಲದಲ್ಲಿ ಇಂಥ ನಿಯಮಗಳನ್ನು ಯಾರೂ ಬರೆದಿರಲಿಲ್ಲ. ಬೇರೆಯವರ ಮೈಗೆ ಸೂಜಿ ತಾಗಿಸುವ ಮೊದಲು ತನ್ನ ಮೈಗೆ ತಾಗಿಸಿಕೊಳ್ಳಬೇಕೆಂಬ ನಿಯಮವನ್ನು ಅವರು ತಮಗೆ ತಾವೇ ವಿಧಿಸಿಕೊಂಡಿದ್ದರು. ಇಷ್ಟನ್ನು ಮಾತ್ರ ನಾವು ಹೇಳುತ್ತೇವೆ: ಆ ಕಾಲದವರು ಅವರ ಮೇಲೆ ಹೊರಿಸಿದ ಹೊಣೆ ಅವರದಾಗಿರಲಿಲ್ಲ; ಅವರದಾಗಿದ್ದ ಹೊಣೆಯನ್ನು ಯಾರೂ ಕೇಳಲೇ ಇಲ್ಲ. ಹೊರಗಿನವನೊಬ್ಬನ ಹೆಗಲು ಸಿಕ್ಕಿದ್ದರಿಂದ ಮೊದಲನೆಯದು ಸುಲಭವಾಯಿತು. ಸತ್ತವರು ಹಳ್ಳಿಯ ಬಡವರೂ ಸೆರೆಯವರೂ ಆಗಿದ್ದುದರಿಂದ ಎರಡನೆಯದನ್ನು ಮರೆಯುವುದು ಸುಲಭವಾಯಿತು.

ನಿಯಮ ಬಂದ ಬಗೆ

ಈ ಪ್ರಶ್ನೆಯನ್ನು ಲೋಕವು ಗಟ್ಟಿಯಾಗಿ ಕೇಳಲು ಇನ್ನೂ ನಲವತ್ತೈದು ವರ್ಷಗಳು ಬೇಕಾದವು. ಎರಡನೆಯ ಮಹಾಯುದ್ಧದಲ್ಲಿ ನಾಜಿ ವೈದ್ಯರು ಬಂದಿಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳ ವಿಚಾರಣೆಯ ಕೊನೆಯಲ್ಲಿ, ೧೯೪೭ರಲ್ಲಿ, ನ್ಯೂರೆಂಬರ್ಗ್ ಸಂಹಿತೆ ಹುಟ್ಟಿತು. ಪಾಲ್ಗೊಳ್ಳುವವನ ಸ್ವತಂತ್ರವಾದ ಒಪ್ಪಿಗೆ ಇಲ್ಲದೆ ಮನುಷ್ಯನ ಮೇಲೆ ಪ್ರಯೋಗ ಕೂಡದೆಂಬುದು ಅದರ ಮೊದಲ ಸೂತ್ರ. ೧೯೬೪ರಲ್ಲಿ ಲೋಕದ ವೈದ್ಯರ ಸಂಘವು ಹೆಲ್ಸಿಂಕಿ ಘೋಷಣೆಯನ್ನು ಅಂಗೀಕರಿಸಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೧೯೮೦ರಲ್ಲಿ ತನ್ನ ನೀತಿಯನ್ನು ಪ್ರಕಟಿಸಿತು. ೨೦೧೯ರಲ್ಲಿ ಹೊಸ ಔಷಧಗಳ ಪರೀಕ್ಷೆಗೆ ಕೇಂದ್ರ ಸರಕಾರದ ನಿಯಮಗಳು ಬಂದವು. ಇಂದು ಹೊಸ ಔಷಧವೊಂದನ್ನು ಜನರ ಮೇಲೆ ಪರೀಕ್ಷಿಸಬೇಕಾದರೆ ನೈತಿಕ ಸಮಿತಿಯ ಮುಂದೆ ಹೋಗಬೇಕು. ಅದರಲ್ಲಿ ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರೂ ಸಾಮಾನ್ಯ ನಾಗರಿಕರೂ ಇರಬೇಕು. ರೋಗಿಗೆ ಆತನ ಭಾಷೆಯಲ್ಲಿ ವಿವರಿಸಬೇಕು. ಇಲ್ಲಿ ಎಂದರೆ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ. ಬೇಡವೆನ್ನುವ ಹಕ್ಕು ಆತನಿಗಿರಬೇಕು. ಬೇಡವೆಂದರೆ ಚಿಕಿತ್ಸೆಯಲ್ಲಿ ಕೊರತೆಯಾಗಬಾರದು.

ಹಾಫ್ಕಿನ್ನರ ಲಸಿಕೆಗೆ ಈಗ ಮೊದಲಿನ ಸ್ಥಾನವಿಲ್ಲ. ಸ್ಟ್ರೆಪ್ಟೋಮೈಸಿನ್ ಮೊದಲಾದ ಔಷಧಗಳು ಬಂದಮೇಲೆ, ಬೇಗ ಗುರುತಿಸಿದರೆ ಪ್ಲೇಗು ಗುಣವಾಗುವ ರೋಗ. ಆದರೆ ಮಂಗಳೂರಿನಲ್ಲಿ ಇಂದು ಒಂದಲ್ಲ, ಹಲವು ವೈದ್ಯಕೀಯ ಕಾಲೇಜುಗಳಿವೆ. ಈ ಲೇಖನವನ್ನು ಓದುತ್ತಿರುವವರಲ್ಲಿ ಕೆಲವರು ನಾಳೆ ಅಲ್ಲಿಯೇ ಒಂದು ಹೊಸ ಮದ್ದಿನ ಕಡತವನ್ನು ಕೈಯಲ್ಲಿ ಹಿಡಿದು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಲ್ಲಲಿದ್ದಾರೆ.

ಅದಕ್ಕೆ ಅಭ್ಯಾಸ ಈಗಲೇ ತೊಡಗಬೇಕು. ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಹೊಂದದ ಅಂಕೆಯನ್ನು ರಬ್ಬರಿನಿಂದ ಒರಸಿ ಹೊಂದುವ ಅಂಕೆಯನ್ನು ಬರೆಯುವುದನ್ನು ನಾವು ಕಂಡಿದ್ದೇವೆ. ವಿದ್ಯಾರ್ಥಿದೆಸೆಯಲ್ಲಿ ನಾವೂ ಅದನ್ನು ಮಾಡಿದ್ದೇವೆ. ಲೋಲಕದ ಮಟ್ಟಿಗೆ ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಕೈ ಕಲಿಯುವುದು ಅದನ್ನೇ. ಇಕ್ಕುಳ ನೆಲಕ್ಕೆ ಬಿದ್ದಾಗ, ನೋಡುವವರು ಯಾರೂ ಇಲ್ಲದಾಗ, ಹೊರಗೆ ನೂರು ಜನ ಸಾಲುನಿಂತು ಕಾಯುತ್ತಿರುವಾಗ, ಅದನ್ನು ಒರಸಿ ಮುಂದುವರಿಯಬೇಕೋ, ‘ಸ್ವಲ್ಪ ತಾಳಿ’ ಎಂದು ಹೇಳಿ ಉರಿಯಲ್ಲಿ ಕಾಯಿಸಬೇಕೋ ಎಂಬುದನ್ನು ಆಗ ನಿರ್ಧರಿಸುವುದು ನಮ್ಮ ಬುದ್ಧಿಯಲ್ಲ, ಹಿಂದಿನ ಅಭ್ಯಾಸ.